ಮೊದಲು ಜೊತೆಗಾರರು, ಆಮೇಲೆ ವಾದ್ಯ

2019ರ ಡಿಸೆಂಬರ್ 15ರ ರಾತ್ರಿ ನೆರೂಲಿನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಐರ್ಲೆಂಡಿನ ‘ಯು2’ ತಂಡ ಭಾರತದಲ್ಲಿ ತನ್ನ ಮೊದಲ ಕಾರ್ಯಕ್ರಮ ಕೊಟ್ಟಿತು. ಎ.ಆರ್. ರಹಮಾನ್ ಕೂಡ ಆ ವೇದಿಕೆ ಏರಿದರು. ಇಷ್ಟು ದೊಡ್ಡ ತಂಡದ ಹುಟ್ಟು ಮಾತ್ರ ಒಂದು ಶಾಲೆಯ ನೋಟಿಸ್ ಬೋರ್ಡಿನಲ್ಲಿ ಆದದ್ದು. 1976ರ ಸೆಪ್ಟೆಂಬರಿನಲ್ಲಿ ಡಬ್ಲಿನ್ನಿನ ಮೌಂಟ್ ಟೆಂಪಲ್ ಶಾಲೆಯಲ್ಲಿ ಓದುತ್ತಿದ್ದ ಲ್ಯಾರಿ ಮಲ್ಲೆನ್ ಎಂಬ 14 ವರ್ಷದ ಡ್ರಮ್ ಹುಡುಗ, ತನ್ನ ಜೊತೆ ನುಡಿಸುವವರು ಬೇಕು ಎಂದು ಚೀಟಿ ಅಂಟಿಸಿದ. ಬಂದವರೆಲ್ಲ ಅವನ ಮನೆಯ ಅಡುಗೆಮನೆಯಲ್ಲಿ ಸೇರಿದರು. ಅವರಲ್ಲಿ ಅಣ್ಣ ತಮ್ಮ ಇಬ್ಬರು ಕೂಡಿ ಕೈಯಾರೆ ಗಿಟಾರ್ ಮಾಡಿಕೊಂಡಿದ್ದರು. ಮತ್ತೊಬ್ಬನ ಹತ್ತಿರ ಬೇಸ್ ಗಿಟಾರ್ ಇತ್ತು, ನುಡಿಸಲು ಅಷ್ಟಾಗಿ ಬರುತ್ತಿರಲಿಲ್ಲ. ಹಾಡುವ ಹುಡುಗನಿಗೆ 16 ತುಂಬಿತ್ತಷ್ಟೆ. ಅವನೇ ಬೋನೊ.

2025ರ ಜನವರಿ 18, 19 ಮತ್ತು 21ರಂದು ಅದೇ ಕ್ರೀಡಾಂಗಣಕ್ಕೆ ‘ಕೋಲ್ಡ್‌ಪ್ಲೇ’ ಬಂತು. ಅದರ ಡ್ರಮ್ಮರ್ ವಿಲ್ ಚಾಂಪಿಯನ್ ಚಿಕ್ಕಂದಿನಲ್ಲಿ ಕಲಿತದ್ದು ಪಿಯಾನೊ, ಪಿಟೀಲು, ಗಿಟಾರ್. ಲಂಡನ್ನಿನ ಕಾಲೇಜಿನಲ್ಲಿ ಗೆಳೆಯರ ತಂಡಕ್ಕೆ ಡ್ರಮ್ ನುಡಿಸುವವರು ಬೇಕಾಗಿತ್ತು; ಅದಕ್ಕೆಂದೇ ಆತ ಡ್ರಮ್ ಹಿಡಿದರು. ಲಿವರ್‌ಪೂಲಿನ ಪಾಲ್ ಮೆಕ್ಕಾರ್ಟ್ನಿಗೆ 14ನೆಯ ಹುಟ್ಟುಹಬ್ಬಕ್ಕೆ ಅಪ್ಪ ಕೊಡಿಸಿದ್ದು ಟ್ರಂಪೆಟ್. ಬಾಯಲ್ಲಿ ತುತ್ತೂರಿ ಇಟ್ಟುಕೊಂಡು ಹಾಡಲಾಗುವುದಿಲ್ಲ ಎಂದು ಅದನ್ನು ಅಂಗಡಿಗೆ ಕೊಟ್ಟು ಗಿಟಾರ್ ತಂದುಕೊಂಡ. ಮುಂದೆ 1961ರಲ್ಲಿ ಬೀಟಲ್ಸ್ ತಂಡದ ಬೇಸ್ ವಾದಕ ಬಿಟ್ಟುಹೋದಾಗ ಆ ಜಾಗಕ್ಕೆ ಬರಲು ಉಳಿದವರು ಮನಸ್ಸು ಮಾಡಲಿಲ್ಲ, ಪಾಲ್ ಬೇಸ್ ಎತ್ತಿಕೊಂಡ. ಇಂದು ಲೋಕ ಅವರನ್ನು ನೆನೆಯುವುದರಲ್ಲಿ ಆ ಬೇಸ್ ವಾದನಕ್ಕೆ ದೊಡ್ಡ ಪಾಲಿದೆ.

ಈ ಕಥೆಗಳನ್ನು ಒಟ್ಟಿಗೆ ಹೇಳುವುದಕ್ಕೆ ಕಾರಣವಿದೆ. ನೆರೂಲಿನಲ್ಲಿ ಇಂಥ ಕಾರ್ಯಕ್ರಮ ಆದ ಮರುವಾರ ಥಾಣೆ, ಡೊಂಬಿವಲಿ, ಕಲ್ಯಾಣದ ನಮ್ಮ ಮನೆಗಳಲ್ಲಿ ಒಂದು ಬೇಡಿಕೆ ಏಳುತ್ತದೆ. “ಪಪ್ಪಾ, ನನಗೆ ಗಿಟಾರ್ ಬೇಕು.” ಅಪ್ಪ ಅಮ್ಮ ವಿಚಾರಿಸುವುದು ಕ್ಲಾಸ್ ಎಲ್ಲಿದೆ, ಫೀ ಎಷ್ಟು, ಹತ್ತನೆಯ ತರಗತಿಗೆ ತೊಂದರೆ ಆಗುವುದಿಲ್ಲವೇ ಎಂದು. ಎಲ್ಲವೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಅವೆಲ್ಲಕ್ಕಿಂತ ಮೊದಲು ಕೇಳಬೇಕಾದ ಒಂದನ್ನು ಯಾರೂ ಕೇಳುವುದಿಲ್ಲ: ಯಾರ ಜೊತೆ ನುಡಿಸುತ್ತೀ?

ಹದಿಮೂರರಿಂದ ಹದಿನೇಳರ ವಯಸ್ಸಿನಲ್ಲಿ ವಾದ್ಯ ಕೈಗೆ ಬಂದ ಮಕ್ಕಳಲ್ಲಿ ಬಹಳ ಮಂದಿ ಮೊದಲ ವರ್ಷದೊಳಗೇ ಅದನ್ನು ಕಪಾಟಿನ ಮೇಲಕ್ಕೆ ಸರಿಸುತ್ತಾರೆ. ಪ್ರತಿಭೆ ಇಲ್ಲದ್ದಕ್ಕೆ ಹೀಗಾಗುತ್ತದೆ ಎಂದು ನಾನು ನಂಬುವುದಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು, ಮೊಬೈಲ್ ಎದುರಿಗಿಟ್ಟುಕೊಂಡು, ಒಬ್ಬರೇ ನುಡಿಸುವುದು ಆ ವಯಸ್ಸಿಗೆ ಒಗ್ಗದ ಕೆಲಸ. ಶನಿವಾರ ಸಂಜೆ ನಾಲ್ಕು ಗೆಳೆಯರು ಕಾಯುತ್ತಾರೆ ಎಂದಾದರೆ ಶುಕ್ರವಾರ ರಾತ್ರಿ ಹೇಳದೆಯೇ ಅಭ್ಯಾಸ ನಡೆಯುತ್ತದೆ. ಪೂರ್ತಿ ಕಲಿತ ಮೇಲೆ ಬ್ಯಾಂಡ್ ಕಟ್ಟೋಣ ಎಂದು ಕಾಯುವವರು ಕಾಯುತ್ತಲೇ ಇರುತ್ತಾರೆ. ಬ್ಯಾಂಡ್ ಕಟ್ಟಿಕೊಂಡವರು ಕಲಿಯುತ್ತಾರೆ. ಆದ್ದರಿಂದ ಮೊದಲ ವಾದ್ಯದ ಆಯ್ಕೆಯನ್ನು ಅಂಗಡಿಯಿಂದಲ್ಲ, ಅಕ್ಕಪಕ್ಕದಿಂದ ಆರಂಭಿಸಬೇಕು ಎನ್ನುವುದು ನನ್ನ ಅಭಿಪ್ರಾಯ. ನಿಮ್ಮ ಬಿಲ್ಡಿಂಗಿನಲ್ಲಿ, ತರಗತಿಯಲ್ಲಿ, ಭಜನಾ ಮಂಡಳಿಯಲ್ಲಿ ಆಗಲೇ ಏನಾದರೂ ನುಡಿಸುವವರು ಯಾರಿದ್ದಾರೆ? ಅವರ ನಡುವೆ ಯಾವ ಜಾಗ ಖಾಲಿ ಇದೆ?

ಖಾಲಿ ಇರುವ ಜಾಗ ಹೆಚ್ಚಾಗಿ ಬೇಸ್ ಮತ್ತು ತಾಳವಾದ್ಯದ್ದು. ಗಿಟಾರ್ ಕಲಿಯುವ ಮೂವರು ಪ್ರತಿ ಕಾಲೇಜಿನಲ್ಲೂ ಸಿಗುತ್ತಾರೆ, ಬೇಸ್ ಹಿಡಿಯುವವರು ಹುಡುಕಿದರೂ ಸಿಗುವುದು ಕಷ್ಟ. ಬೇಸ್ ಗಿಟಾರಿಗೆ ನಾಲ್ಕೇ ತಂತಿ. ಹಾಡಿನ ಮೂಲಸ್ವರ ಎಲ್ಲಿ ಬದಲಾಗುತ್ತದೆ ಎಂದು ಕಿವಿಗೆ ತಿಳಿದರೆ, ಒಂದೊಂದೇ ಸ್ವರ ಹಿಡಿದು ಕೆಲವೇ ವಾರಗಳಲ್ಲಿ ತಂಡದ ಜೊತೆ ನಿಲ್ಲಬಹುದು. ಕಛೇರಿಯಲ್ಲಿ ತಂಬೂರಿಯ ಶ್ರುತಿ ಕೇಳುತ್ತ ಬೆಳೆದ ಮಗುವಿಗೆ ಇದು ಇನ್ನೂ ಸುಲಭ. ಆದರೂ ಹದಿನಾಲ್ಕರ ಮಗುವಿಗೆ ಬೇಸ್ ಕೊಡಿಸೋಣ ಎಂದು ನಮ್ಮ ಮನೆಗಳಲ್ಲಿ ಯಾರಿಗೂ ಹೊಳೆಯುವುದಿಲ್ಲ.

ನಮ್ಮ ಸುತ್ತಲಿನ ಬ್ಯಾಂಡುಗಳು

ರಾಕ್ ಬ್ಯಾಂಡ್ ಒಂದೇ ಬ್ಯಾಂಡಲ್ಲ. ಮುಂಬಯಿಯ ಈ ಉಪನಗರಗಳಲ್ಲಿ ಹದಿಹರೆಯದವರು ಕೂಡಿ ನುಡಿಸುವ ಗಟ್ಟಿ ಪರಂಪರೆಗಳು ಮೊದಲಿನಿಂದಲೂ ಇವೆ. ಅವುಗಳ ಬಾಗಿಲು ಹಣ ಕೊಡದೆಯೂ ತೆರೆಯುತ್ತದೆ.

ಮಳೆಗಾಲ ಹಿಡಿಯುತ್ತಿದ್ದಂತೆ ಡೊಂಬಿವಲಿ, ಕಲ್ಯಾಣ, ಥಾಣೆಯ ಮೈದಾನಗಳಲ್ಲಿ ಢೋಲ್-ತಾಶಾ ಪಥಕಗಳ ಅಭ್ಯಾಸ ಶುರುವಾಗುತ್ತದೆ. ಗಣೇಶೋತ್ಸವದ ಮೆರವಣಿಗೆಗೆ ತಯಾರಿ ಅದು. ಯುಗಾದಿಯ ದಿನ, ಇಲ್ಲಿಯ ಗುಡಿ ಪಾಡ್ವಕ್ಕೆ, ಹೊಸ ವರ್ಷದ ಶೋಭಾಯಾತ್ರೆ ಹೊರಡಿಸುವ ರೂಢಿ 1999ರಲ್ಲಿ ಡೊಂಬಿವಲಿಯ ಗಣೇಶ ಮಂದಿರದಿಂದಲೇ ಆರಂಭವಾಯಿತು. ಅಲ್ಲಿಯೂ ಪಥಕಗಳು ಬಾರಿಸುತ್ತವೆ. ಸೊಂಟಕ್ಕೆ ಬಿಗಿದ ಢೋಲ್ ಹೊತ್ತು ಹುಡುಗಿಯರೂ ಹುಡುಗರೂ ಸಮಸಮವಾಗಿ ನಿಲ್ಲುತ್ತಾರೆ. ಸಾಲಿನಲ್ಲಿ ಎಷ್ಟು ಢೋಲ್ ಇದ್ದರೂ ದಾರಿ ತೋರಿಸುವುದು ತಾಶಾ. ಸಣ್ಣ ಬಾಯಿಯ ಆ ಚರ್ಮವಾದ್ಯದ ಮೇಲೆ ತೆಳುವಾದ ಎರಡು ಕಡ್ಡಿಗಳು ಓಡುತ್ತಿರುತ್ತವೆ. ತಾಶಾ ತಿರುವಿದಾಗ ಢೋಲ್ ತಿರುಗಬೇಕು, ತಾಶಾ ನಿಂತಾಗ ಎಲ್ಲರ ಕೈ ಒಟ್ಟಿಗೆ ನಿಲ್ಲಬೇಕು. ತಂಡದಲ್ಲಿ ನುಡಿಸುವ ವಿದ್ಯೆಯ ಮುಖ್ಯ ಪಾಠ ಇದೇ: ತನ್ನ ಕೈಯನ್ನು ನೋಡಿಕೊಳ್ಳುವುದನ್ನು ಬಿಟ್ಟು ಬೇರೆಯವರನ್ನು ಕೇಳುವುದು. ಯಾವ ಕ್ಲಾಸಿನಲ್ಲೂ ಇದನ್ನು ಇಷ್ಟು ಬೇಗ ಕಲಿಸಲಾಗುವುದಿಲ್ಲ. ಒಂದು ಋತು ಪಥಕದಲ್ಲಿ ಬಾರಿಸಿದ ಮಗುವಿಗೆ ಡ್ರಮ್ ಸೆಟ್ಟಿನ ಮುಂದೆ ಕೂತಾಗ ಕಾಲು ಹೊಸದಾಗಿ ಕಲಿಯಬೇಕಾಗಬಹುದು, ಲಯ ಮಾತ್ರ ಮೈಗೆ ಹತ್ತಿರುತ್ತದೆ.

ಇನ್ನೊಂದು, ಬೆಂಜೊ ಪಾರ್ಟಿ. ಆಗ್ರಿ ಮತ್ತು ಕೋಳಿ ಸಮುದಾಯದವರ ಅರಿಶಿನದ ಶಾಸ್ತ್ರ, ಮದುವೆ, ಗಣಪತಿ ಮೆರವಣಿಗೆ ಇದ್ದಲ್ಲೆಲ್ಲ ಇದು ಇರುತ್ತದೆ. ನವಿಮುಂಬಯಿಯ ಹಳೆಯ ಊರುಗಳ ಸಂಭ್ರಮವಂತೂ ಇದಿಲ್ಲದೆ ನಡೆಯದು. ಇಲ್ಲಿ ಬೆಂಜೊ ಎಂದರೆ ಅಮೆರಿಕದ ಆ ಗುಂಡು ವಾದ್ಯವಲ್ಲ. ಉದ್ದನೆಯ ಮರದ ಪೆಟ್ಟಿಗೆ, ಅದರ ಮೇಲೆ ಉಕ್ಕಿನ ತಂತಿಗಳು, ತಂತಿಯನ್ನು ಒತ್ತಲು ಹಳೆಯ ಟೈಪ್‌ರೈಟರಿನಂಥ ಗುಂಡಿಗಳು. ಎಡಗೈ ಗುಂಡಿ ಒತ್ತಿದರೆ ಬಲಗೈ ತಂತಿ ಮೀಟುತ್ತದೆ. ನಮ್ಮಲ್ಲಿ ಇದಕ್ಕೆ ಬುಲ್‌ಬುಲ್ ತರಂಗ ಎಂಬ ಹೆಸರೂ ಉಂಟು. ಇದರ ಮೂಲ ಜಪಾನ್. 1912ರಲ್ಲಿ ನಗೋಯಾ ನಗರದ ಮೊರಿಟಾ ಗೊರೊ ಎಂಬುವರು ತಾಯಿಶೊಗೊತೊ ಎಂಬ ಹೆಸರಿನಲ್ಲಿ ಇದನ್ನು ರೂಪಿಸಿದರು. ಸಂಗೀತ ಓದಿಕೊಳ್ಳದ ಮನೆಮಂದಿಯೂ ಸುಲಭವಾಗಿ ನುಡಿಸುವಂತಿದ್ದ ಆ ವಾದ್ಯ ಸಮುದ್ರ ದಾಟಿ ಬಂದು, ಪಿಕಪ್ ಜೋಡಿಸಿಕೊಂಡು, ಸ್ಪೀಕರಿನಲ್ಲಿ ಗುಡುಗತೊಡಗಿತು. 2016ರಲ್ಲಿ ರವಿ ಜಾಧವ್ ಅವರು ರಿತೇಶ್ ದೇಶಮುಖ್ ಅವರನ್ನು ಹಾಕಿಕೊಂಡು ತೆಗೆದ ‘ಬೆಂಜೊ’ ಹಿಂದಿ ಚಿತ್ರದ ವಸ್ತು ಇದೇ ವಾದಕರ ಬದುಕು. ಬೆಂಜೊ ನುಡಿಸುವ ಹುಡುಗನನ್ನು ‘ಬ್ಯಾಂಡ್‌ನವ’ ಎಂದು ಒಪ್ಪಲು ಹಿಂಜರಿಯುವ ಮನಸ್ಸು ನಮ್ಮ ಸೊಸೈಟಿಗಳಲ್ಲಿ ಈಗಲೂ ಇದೆ. ಅದು ನನಗೆ ನೋವಿನ ಸಂಗತಿ. ಹಾಡು ಕಿವಿಯಲ್ಲಿ ಬಿದ್ದ ಸ್ವಲ್ಪ ಹೊತ್ತಿಗೇ ಅದನ್ನು ಗುಂಡಿಗಳ ಮೇಲೆ ಹುಡುಕಿ ತೆಗೆಯುವ ಅವರ ಕೌಶಲ, ಕ್ಲಾಸಿಗೆ ಹೋಗುವ ಎಷ್ಟೋ ಮಕ್ಕಳಿಗೆ ವರ್ಷಗಳಾದರೂ ದಕ್ಕುವುದಿಲ್ಲ.

ನಮ್ಮದೇ ಮನೆಯ ಬ್ಯಾಂಡೂ ಒಂದಿದೆ. ಕರಾವಳಿಯಿಂದ ಬಂದು ಈ ಭಾಗದಲ್ಲಿ ನೆಲೆಸಿದ ಕುಟುಂಬಗಳಿಗೆ ಯಕ್ಷಗಾನದ ಹಿಮ್ಮೇಳವನ್ನು ವಿವರಿಸಬೇಕಿಲ್ಲ. ಭಾಗವತರು, ಚೆಂಡೆ, ಮದ್ದಳೆ, ಚಕ್ರತಾಳ, ಶ್ರುತಿಗೆ ಹಾರ್ಮೋನಿಯಂ. ಭಾಗವತರು ಹಾಡುಗಾರರೂ ಹೌದು, ನಾಯಕರೂ ಹೌದು. ಕೈಯ ಜಾಗಟೆಯಿಂದ ಕಾಲ ಹಿಡಿದು, ಪಾತ್ರಧಾರಿಯ ಕಾಲನ್ನೂ ಚೆಂಡೆಯ ಕೋಲನ್ನೂ ಒಟ್ಟಿಗೆ ನಡೆಸುತ್ತಾರೆ. ಊರಿನಲ್ಲಿ ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಕಲಾವಿದರು ಮಳೆಗಾಲದ ತಿರುಗಾಟಕ್ಕೆ ಮುಂಬಯಿಗೆ ಬರುತ್ತಾರೆ. ಆಟ ನೋಡಲು ಮಕ್ಕಳನ್ನು ಕರೆದುಕೊಂಡು ಹೋದಾಗ ವೇಷದ ಕಡೆ ಕಣ್ಣು ಹೋಗುವುದು ಸಹಜ. ಒಂದು ಸಲ ರಂಗಸ್ಥಳದ ಬದಿಗೆ, ಹಿಮ್ಮೇಳ ಕಾಣುವಲ್ಲಿ ಕೂರಿಸಿ. ಬಡಗಿನಲ್ಲಾಗಲಿ ತೆಂಕಿನಲ್ಲಾಗಲಿ, ಮದ್ದಳೆಗಾರರು ಭಾಗವತರ ಮುಖ ನೋಡುತ್ತಲೇ ಮುಂದಿನ ಮುಕ್ತಾಯಕ್ಕೆ ಸಿದ್ಧರಾಗುವುದನ್ನು ಹತ್ತಿರದಿಂದ ಕಂಡ ಮಗುವಿಗೆ ಬ್ಯಾಂಡ್ ಎಂದರೇನು ಎಂದು ಬೇರೆ ಹೇಳಬೇಕಾಗುವುದಿಲ್ಲ.

ಊರಿನ ಮಾತು ಬಂದಾಗ ಕದ್ರಿ ಗೋಪಾಲನಾಥರನ್ನು ನೆನೆಯಲೇಬೇಕು. ಬಂಟ್ವಾಳದ ಕಡೆಯ ನಾಗಸ್ವರದ ಮನೆತನದಲ್ಲಿ 1949ರಲ್ಲಿ ಹುಟ್ಟಿದ ಅವರು, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕಂಡು ಮರುಳಾದರು. ಗಮಕಕ್ಕೆ ಒಗ್ಗದ ಆ ಲೋಹದ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಪಳಗಿಸಲು ಸುಮಾರು 20 ವರ್ಷ ದುಡಿದರು. 1980ರಲ್ಲಿ ಇದೇ ಮುಂಬಯಿಯ ಜಾಝ್ ಉತ್ಸವದಲ್ಲಿ ಅವರ ವಾದನ ಕೇಳಿದ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ, ತಮ್ಮ ಜೊತೆ ನುಡಿಸಲು ವೇದಿಕೆಗೆ ಕರೆದರು. ತುಳುನಾಡಿನ ಮದುವೆ, ನೇಮಗಳಲ್ಲಿ ಇಂದು ಸ್ಯಾಕ್ಸೊಫೋನ್ ಕೇಳಿಬರುವುದು ಎಷ್ಟು ಸಹಜವಾಗಿದೆ ಎಂದರೆ ಅದು ಹೊರಗಿನದೆಂದು ಯಾರಿಗೂ ಅನಿಸುವುದಿಲ್ಲ. ಡೊಂಬಿವಲಿಯ ಹುಡುಗಿಯೊಬ್ಬಳು ಸ್ಯಾಕ್ಸೊಫೋನ್ ಬೇಕೆಂದರೆ ಅದು ಅಜ್ಜನ ಊರಿನ ವಾದ್ಯವೇ.

ಕೋಣೆ, ಗೋಡೆ, ಲೋಕಲ್

ಇನ್ನು ಕೊಳ್ಳುವ ವಿಚಾರ. ಇಲ್ಲಿ ಮನೆಯ ಅಳತೆಯೂ ರೈಲಿನ ಗರ್ದಿಯೂ ನಮ್ಮ ಇಷ್ಟದಷ್ಟೇ ಮುಖ್ಯ.

ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಪೂರ್ಣ ಡ್ರಮ್ ಸೆಟ್ ಇಡಲು ಜಾಗ ಸಿಕ್ಕರೂ ನುಡಿಸಲು ನೆರೆಮನೆಯವರು ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45. ಡ್ರಮ್ ಸೆಟ್ಟಿನ ಹತ್ತಿರ ನಿಂತರೆ ಸದ್ದು 100 ದಾಟುತ್ತದೆ. ಥಾಣೆಯ ಡಾ. ಮಹೇಶ್ ಬೇಡೇಕರ್ ಅವರ ಅರ್ಜಿಯ ಮೇಲೆ 2016ರಲ್ಲಿ ಬಾಂಬೆ ಹೈಕೋರ್ಟು ಈ ನಿಯಮಗಳನ್ನು ಕಟ್ಟುನಿಟ್ಟಾಗಿ ಜಾರಿಗೆ ತರಲು ಆದೇಶಿಸಿತು. ಅಭ್ಯಾಸ ಮಾಡುವ ಮಕ್ಕಳು ಇದನ್ನು ಶತ್ರು ಎಂದು ಕಾಣಬಾರದು. ಕೆಳಗಿನ ಮನೆಯಲ್ಲಿ ಪರೀಕ್ಷೆಗೆ ಓದುವವರು ಇರುತ್ತಾರೆ, ರಾತ್ರಿಪಾಳಿ ಮುಗಿಸಿ ಬಂದು ಮಲಗಿದವರು ಇರುತ್ತಾರೆ. ಲಯದ ಹಂಬಲ ಇರುವವರು ಮೊದಲು ರಬ್ಬರಿನ ಅಭ್ಯಾಸದ ಪ್ಯಾಡ್ ಮತ್ತು ಒಂದು ಜೊತೆ ಕೋಲು ತಂದುಕೊಳ್ಳಲಿ. ಆಮೇಲೆ ಪೆರು ದೇಶದ ಕಾಹೋನ್ ಎಂಬ ಮರದ ಪೆಟ್ಟಿಗೆ ಬರಲಿ. ಅದರ ಮೇಲೆಯೇ ಕೂತು ಮುಂಭಾಗಕ್ಕೆ ಕೈಯಿಂದ ತಟ್ಟಿದರೆ ಡ್ರಮ್ ಸೆಟ್ಟಿನ ದಪ್ಪ ಪೆಟ್ಟು, ಚುರುಕು ಪೆಟ್ಟು ಎರಡೂ ಹೊರಡುತ್ತವೆ. ಹೆಡ್‌ಫೋನ್ ಹಾಕಿಕೊಂಡು ನುಡಿಸುವ ಎಲೆಕ್ಟ್ರಾನಿಕ್ ಡ್ರಮ್ ಇನ್ನೂ ಒಳ್ಳೆಯದು, ಬೆಲೆ ಮಾತ್ರ ಜಾಸ್ತಿ. ಮನೆಯಲ್ಲಿ ತಬಲಾ ಇದ್ದರೆ ಅದೇ ಸಾಕು. ತಬಲಾ ಇರುವ ಬ್ಯಾಂಡ್ ಕಡಿಮೆ ದರ್ಜೆಯದು ಎಂದು ಯಾರೂ ಹೇಳಲಾರರು.

ಗಿಟಾರೇ ಬೇಕು ಎಂದಾದರೆ ನೈಲಾನ್ ತಂತಿಯದೊ ಉಕ್ಕಿನ ತಂತಿಯದೊ ಎಂಬುದು ಮೊದಲ ತೀರ್ಮಾನ. ಮೃದು ಬೆರಳಿಗೆ ನೈಲಾನ್ ಹಿತ, ಆದರೆ ಅದರ ಕುತ್ತಿಗೆ ಅಗಲ. ಸಿನಿಮಾ ಹಾಡು, ಭಾವಗೀತೆಗೆ ಕಾರ್ಡ್ ಹಿಡಿದು ಹಾಡುವವರಿಗೆ ಉಕ್ಕಿನ ತಂತಿಯೇ ಹೊಂದುತ್ತದೆ. ಬೆರಳ ತುದಿಯ ನೋವು ಮೊದಲ ಕೆಲವು ವಾರ ಮಾತ್ರ. ಬಹಳ ಅಗ್ಗದ ಗಿಟಾರ್ ಕೊಂಡರೆ ಉಳಿತಾಯವಾಗುವುದಿಲ್ಲ. ಅದರಲ್ಲಿ ತಂತಿ ಹಲಗೆಯಿಂದ ತುಂಬ ಎತ್ತರದಲ್ಲಿರುತ್ತದೆ. ಒತ್ತಿ ಒತ್ತಿ ಕೈ ಸೋತ ಮಗು ತನಗೆ ಸಂಗೀತ ಬರುವುದಿಲ್ಲ ಎಂದುಕೊಳ್ಳುತ್ತದೆ. ತಪ್ಪು ಇರುವುದು ವಾದ್ಯದಲ್ಲಿ.

ಆದ್ದರಿಂದ ನುಡಿಸಲು ಬಲ್ಲವರೊಬ್ಬರನ್ನು ಕರೆದುಕೊಂಡು ಅಂಗಡಿಗೆ ಹೋಗಿ. 1865ರಿಂದ ನಡೆದು ಬಂದಿರುವ ಫುರ್ತಾಡೋಸ್ ಮಳಿಗೆ ಇರುವ ಧೋಬಿ ತಲಾವ್‌ವರೆಗೆ ಹೋದರೂ ಸರಿ, ಹತ್ತಿರದ ಸಣ್ಣ ಅಂಗಡಿಯಾದರೂ ಸರಿ, ಗಿಟಾರ್ ಕೈಗೆ ಬಂದ ಕೂಡಲೇ ನೋಡಬೇಕಾದುದು ಹೊಳಪನ್ನಲ್ಲ. ಗಿಟಾರನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಬುಡದಿಂದ ತುದಿಯವರೆಗೆ ಕುತ್ತಿಗೆ ನೆಟ್ಟಗಿದೆಯೇ ನೋಡಿ. 12ನೆಯ ಫ್ರೆಟ್ಟಿನ ಮೇಲೆ ತಂತಿ ಎರಡೂವರೆ ಮಿಲಿಮೀಟರಿನ ಆಸುಪಾಸಿನಲ್ಲಿದ್ದರೆ ಒಳ್ಳೆಯದು. ನಾಲ್ಕಕ್ಕೆ ಹೋಗಿದ್ದರೆ ಬೇಡ. ಒಂದೊಂದು ತಂತಿಯನ್ನೂ ಒಂದೊಂದು ಫ್ರೆಟ್ಟಿನಲ್ಲಿ ಒತ್ತಿ ಮೀಟಿ, ಎಲ್ಲಿಯೂ ಗುಂಯ್ ಎಂಬ ಕರಕರೆ ಬರಬಾರದು. ಕೊನೆಗೆ 12ನೆಯ ಫ್ರೆಟ್ಟಿನ ನೇರಕ್ಕೆ ತಂತಿಯನ್ನು ಹಗುರವಾಗಿ ಮುಟ್ಟಿ ಒಮ್ಮೆ, ಅಲ್ಲಿಯೇ ಒತ್ತಿ ಒಮ್ಮೆ ಮೀಟಿ. ಎರಡೂ ಒಂದೇ ಸ್ವರವಾಗಿರಬೇಕು. ಬೇರೆಯಾಗಿ ಕೇಳಿದರೆ ಆ ಗಿಟಾರನ್ನು ಎಷ್ಟು ಶ್ರುತಿ ಮಾಡಿದರೂ ಮೇಲಿನ ಸ್ವರಗಳು ತಪ್ಪುತ್ತಲೇ ಇರುತ್ತವೆ. ಇಷ್ಟಕ್ಕೆ ಹತ್ತು ನಿಮಿಷ ಸಾಕು. ಹೀಗೆ ನೋಡಲು ಬಿಡದ ಅಂಗಡಿಯಲ್ಲಿ ಕೊಳ್ಳುವುದು ಬೇಡ.

ಹಾಗೆಯೇ ಹವೆ. ಮರದ ವಾದ್ಯಕ್ಕೆ ಹಿತವಾದ ತೇವಾಂಶ ಶೇ. 50ರ ಸುತ್ತಮುತ್ತ. ಜುಲೈ ತಿಂಗಳಲ್ಲಿ ನಮ್ಮ ಕೊಂಕಣ ಪಟ್ಟಿಯಲ್ಲಿ ಅದು 80 ದಾಟಿ ನಿಲ್ಲುತ್ತದೆ. ಹಲಗೆ ಉಬ್ಬುತ್ತದೆ, ತಂತಿ ತುಕ್ಕು ಹಿಡಿಯುತ್ತದೆ, ತಬಲಾ ಮದ್ದಳೆಗಳ ಚರ್ಮ ಸಡಿಲಾಗುತ್ತದೆ. ಗೋಡೆಗೆ ಒರಗಿಸಿಡದೆ ಚೀಲದೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ನುಡಿಸಿದ ಮೇಲೆ ತಂತಿಗಳನ್ನು ಒಣಬಟ್ಟೆಯಿಂದ ಒರೆಸಿ.

ಕೀಬೋರ್ಡಿನದು ಬೇರೆಯೇ ಲಾಭ. 61 ಮನೆಗಳ ಸಾಧಾರಣ ಕೀಬೋರ್ಡ್ ಇದ್ದರೆ ಬೇಸ್, ಪಿಟೀಲು, ಕೊಳಲು, ತಾಳ ಎಲ್ಲವನ್ನೂ ಒಬ್ಬರೇ ತುಂಬಬಹುದು. ಮೂರೇ ಮಂದಿಯ ತಂಡಕ್ಕೆ ಇದು ದೊಡ್ಡ ಆಸರೆ. ಭಜನೆಯ ಹಾರ್ಮೋನಿಯಂ ಬಲ್ಲವರಿಗೆ ಬಲಗೈ ಆಗಲೇ ಬರುತ್ತದೆ, ಎಡಗೈಗೆ ಕಾರ್ಡ್ ಕಲಿಸಿದರಾಯಿತು. ಹಾರ್ಮೋನಿಯಮ್ಮನ್ನು ಹಳೆಯ ಕಾಲದ ಪೆಟ್ಟಿಗೆ ಎಂದು ಮೂಲೆಗೆ ಸರಿಸಬೇಡಿ. ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ದೂರ ಇಟ್ಟಿತ್ತು. ಅಷ್ಟು ವರ್ಷದ ನಿಷೇಧವನ್ನೂ ದಾಟಿ ಅದು ಉಳಿದದ್ದು ಎಲ್ಲರ ದನಿಗೂ ಹೊಂದಿಕೊಳ್ಳುವ ಗುಣದಿಂದ.

ಹಾರ್ಮೋನಿಯಂ ಮತ್ತು ಗಿಟಾರ್ ಕೂಡುವಾಗ ಎಲ್ಲ ಹೊಸ ತಂಡಗಳೂ ಎಡವುವ ಜಾಗವೊಂದಿದೆ. ಹಾಡುಗಾರ್ತಿ “ನನ್ನ ಶ್ರುತಿ ಕಾಳಿ ಏಕ್” ಎನ್ನುತ್ತಾಳೆ, ಇಲ್ಲಿಯ ಕ್ಲಾಸುಗಳಲ್ಲಿ ಹಾಗೆಯೇ ಹೇಳುವುದು. ಗಿಟಾರಿನ ಹುಡುಗನಿಗೆ ಗೊತ್ತಿರುವುದು ಸಿ, ಜಿ, ಡಿ ಎಂಬ ಅಕ್ಷರಗಳು. ಕಾಳಿ ಏಕ್ ಎಂದರೆ ಮೊದಲ ಕಪ್ಪು ಮನೆ, ಸಿ ಶಾರ್ಪ್. ಗಿಟಾರಿನ ಮೊದಲ ಫ್ರೆಟ್ಟಿಗೆ ಕೇಪೊ ಎಂಬ ಚಿಮಟ ಹಾಕಿ, ತನಗೆ ಗೊತ್ತಿರುವ ಸಿ ಕಾರ್ಡನ್ನೇ ಹಿಡಿದರೆ ಇಬ್ಬರೂ ಒಂದೇ ಶ್ರುತಿಗೆ ಬರುತ್ತಾರೆ. ಪಾಂಢರಿ ಚಾರ್, ಅಂದರೆ ನಾಲ್ಕನೆಯ ಬಿಳಿ ಮನೆ, ಎಫ್. ಕೇಪೊ ಮೂರನೆಯ ಫ್ರೆಟ್ಟಿಗೆ ಹೋಗಲಿ, ಡಿ ಕಾರ್ಡ್ ಹಿಡಿಯಲಿ. ಹದಿಮೂರು ಹದಿನಾಲ್ಕರಲ್ಲಿ ಹುಡುಗರ ಗಂಟಲು ಒಡೆಯುತ್ತಿರುತ್ತದೆ. ಹೋದ ವರ್ಷದ ಶ್ರುತಿ ಈ ವರ್ಷ ಹತ್ತುವುದಿಲ್ಲ. ದನಿ ಎಲ್ಲಿ ನೆಮ್ಮದಿಯಾಗಿ ಕೂರುತ್ತದೋ ಅಲ್ಲಿಗೆ ವಾದ್ಯ ಬರಬೇಕು.

ಕ್ಲಾಸು ಬೇಡವೇ ಎಂದು ಕೇಳಿದರೆ, ಬೇಕು. ಕೈಯ ಕೂರುವಿಕೆ ತಪ್ಪಾಗಿ ರೂಢಿಯಾದರೆ ಆಮೇಲೆ ತಿದ್ದುವುದು ಕಷ್ಟ. ಹಿಂದೂಸ್ತಾನಿ ಸಂಗೀತದ ಪರೀಕ್ಷೆಗಳನ್ನು ನಡೆಸುವ ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಳದ ಕಚೇರಿ ನಮ್ಮ ವಾಶಿಯಲ್ಲೇ ಇದೆ. ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಶುರುಮಾಡಿದ ವಿದ್ಯಾಲಯದ ಪರಂಪರೆ ಅದು. 1931ರಲ್ಲಿ ಅವರು ತೀರಿಕೊಂಡ ಮೇಲೆ ಶಿಷ್ಯರು ಮಂಡಳ ಕಟ್ಟಿದರು. ಪ್ರಾರಂಭಿಕದಿಂದ ವಿಶಾರದ ಪೂರ್ಣದವರೆಗೆ 7 ಪರೀಕ್ಷೆಗಳು. ಪಾಶ್ಚಾತ್ಯ ವಾದ್ಯಗಳಿಗೆ ಲಂಡನ್ನಿನ ಟ್ರಿನಿಟಿ ಕಾಲೇಜಿನ ಗ್ರೇಡುಗಳಿವೆ. ಇವುಗಳಿಂದ ಶಿಸ್ತು ಬರುತ್ತದೆ, ನಿಜ. ಆದರೆ ವರ್ಷವಿಡೀ ಪರೀಕ್ಷೆಯ ಮೂರೇ ತುಣುಕುಗಳನ್ನು ಉಜ್ಜಿ ಉಜ್ಜಿ ಗ್ರೇಡ್ ಗಳಿಸಿದ ಮಗು, ಗೆಳತಿ ಹಾಡುವಾಗ ಜೊತೆಗೂಡಲು ತಡವರಿಸುತ್ತದೆ. ಗುರುಗಳನ್ನು ಹುಡುಕುವಾಗ ಪೋಷಕರು ಇದೊಂದನ್ನು ಕೇಳಿಕೊಳ್ಳಲಿ: ಇಲ್ಲಿ ಮಕ್ಕಳು ಒಟ್ಟಿಗೆ ನುಡಿಸುವುದುಂಟೇ?

ಎಲ್ಲಿ ಕೂಡುವುದು

ತಂಡದ ಒಬ್ಬ ಕಲ್ಯಾಣದಲ್ಲಿ, ಒಬ್ಬಳು ಡೊಂಬಿವಲಿಯಲ್ಲಿ, ಮತ್ತಿಬ್ಬರು ನೆರೂಲಿನಲ್ಲಿ ಇದ್ದರೆ ನಕ್ಷೆಯೇ ಉತ್ತರ ಹೇಳುತ್ತದೆ. ಮುಖ್ಯ ಮಾರ್ಗದ ಲೋಕಲ್ಲೂ ನವಿಮುಂಬಯಿಗೆ ಹೋಗುವ ಟ್ರಾನ್ಸ್‌ಹಾರ್ಬರ್ ಲೋಕಲ್ಲೂ ಸಂಧಿಸುವುದು ಥಾಣೆಯಲ್ಲಿ. ಗಂಟೆಯ ಬಾಡಿಗೆಗೆ ಸಿಗುವ ಜಾಮ್ ರೂಮ್ ಹಿಡಿದರೆ ಅಲ್ಲಿ ಡ್ರಮ್ಮು, ಆಂಪ್ಲಿಫೈಯರ್ ಎಲ್ಲ ಇರುತ್ತವೆ; ಗಿಟಾರ್ ಹೊತ್ತುಕೊಂಡು ಹೋದರೆ ಸಾಕು. ನಾಲ್ಕು ಮಂದಿ ಹಂಚಿಕೊಂಡರೆ ಬಾಡಿಗೆ ಭಾರವಾಗುವುದಿಲ್ಲ.

ಹೊತ್ತುಕೊಂಡು ಹೋಗುವುದೇ ದೊಡ್ಡ ಪಾಡು. ಸಂಜೆಯ ಕಲ್ಯಾಣ ಲೋಕಲ್ಲಿಗೆ ಗಿಟಾರ್ ಬೆನ್ನಿಗೇರಿಸಿಕೊಂಡು ಹತ್ತುವ ಸಾಹಸ ಬೇಡ. ಭಾನುವಾರ ಬೆಳಗ್ಗೆ ಎದುರು ದಿಕ್ಕಿನ ಗಾಡಿಗಳೂ ಖಾಲಿ, ಜಾಮ್ ರೂಮುಗಳೂ ಖಾಲಿ. ಸಾಮಾನಿನ ಡಬ್ಬಾದಲ್ಲಿ ಮೀನಿನ ಬುಟ್ಟಿ, ಹೂವಿನ ಮೂಟೆಗಳ ನಡುವೆ ಗಿಟಾರಿಗೂ ಜಾಗ ಇರುತ್ತದೆ. ಬೇರೆ ಡಬ್ಬಾಗಳಲ್ಲಿ, ಆಫೀಸಿಗೆ ಹೋಗುವವರ ಭಜನಾ ಮಂಡಳಿಗಳು ತಾಳ ತಟ್ಟುತ್ತ ಹಾಡುವುದನ್ನು ಈ ಮಾರ್ಗದ ಎಲ್ಲರೂ ಕೇಳಿದ್ದೇವೆ. ಬೆಳಗಿನ ನಿಗದಿತ ಗಾಡಿ, ನಿಗದಿತ ಡಬ್ಬಾ, ಒಬ್ಬರು ಹೇಳಿಕೊಟ್ಟರೆ ಉಳಿದವರು ಎತ್ತಿಕೊಳ್ಳುವ ಪಲ್ಲವಿ. ಅಕ್ಕಪಕ್ಕದವರಿಗೆ ಅದರಿಂದ ತೊಂದರೆಯಾಗುವುದೂ ಉಂಟು. ಆದರೂ ಎಂಟು ಗಂಟೆ ದುಡಿಯಲು ಹೊರಟ ಜನ ಹಾಡಿಗೆ ಹೇಗೆ ಹೊತ್ತು ಮಾಡಿಕೊಳ್ಳುತ್ತಾರೆ ಎಂಬುದನ್ನು ಮಕ್ಕಳು ನೋಡಲಿ.

ಹಣ ಇಲ್ಲದಿದ್ದರೆ ಟೆರೇಸ್ ಇದೆ. ಸೊಸೈಟಿಯ ಸೆಕ್ರೆಟರಿಯ ಬಳಿ ದೊಡ್ಡವರೊಬ್ಬರನ್ನು ಕರೆದುಕೊಂಡು ಹೋಗಿ, ವಾರಕ್ಕೆ ಒಂದೇ ದಿನ, ಸಂಜೆ ಐದರಿಂದ ಏಳರವರೆಗೆ, ಸ್ಪೀಕರ್ ಇಲ್ಲದೆ ಎಂದು ಮಾತು ಕೊಟ್ಟರೆ ಅನುಮತಿ ಸಿಗುವ ಸಾಧ್ಯತೆ ಹೆಚ್ಚು. ಮಾತು ಉಳಿಸಿಕೊಳ್ಳಬೇಕು. ಹುಡುಗಿಯರು ಇರುವ ತಂಡ ಕತ್ತಲಾಗುವ ಮುಂಚೆ ಮುಗಿಸಿದರೆ ಮನೆಯವರಿಗೂ ನೆಮ್ಮದಿ. ಮನೆಗೆ ತಲುಪುವ ಹೊತ್ತಿನ ಕಾರಣದಿಂದ ಒಳ್ಳೆಯ ಹಾಡುಗಾರ್ತಿಯನ್ನು ಕಳೆದುಕೊಂಡ ತಂಡಗಳಿವೆ. ಅಭ್ಯಾಸದ ಹೊತ್ತನ್ನು ಬದಲಿಸುವುದು ತಂಡದ ಕೆಲಸ, ಅವಳದ್ದಲ್ಲ.

ಅಭ್ಯಾಸದಲ್ಲಿ ಏನು ಮಾಡುವುದು? ಇಪ್ಪತ್ತು ಹಾಡುಗಳನ್ನು ಅರ್ಧರ್ಧ ಕಲಿಯುವುದರ ಬದಲು ಮೂರು ಹಾಡುಗಳನ್ನು ಕೊನೆಮುಟ್ಟಿಸಿ. ಹಾಡು ಆರಂಭಿಸುವುದು ಎಲ್ಲರಿಗೂ ಬರುತ್ತದೆ, ಒಟ್ಟಿಗೆ ಮುಗಿಸುವುದು ಬರುವುದಿಲ್ಲ. ಮುಕ್ತಾಯವನ್ನೇ ಹತ್ತು ಸಲ ನುಡಿಸಿ. ಮಧ್ಯೆ ತಪ್ಪಿದರೆ ನಿಲ್ಲಬೇಡಿ, ಮುಂದಿನ ಸಾಲಿನಲ್ಲಿ ಕೂಡಿಕೊಳ್ಳಿ. ಮೊಬೈಲನ್ನು ಕೋಣೆಯ ಮೂಲೆಯಲ್ಲಿಟ್ಟು ಧ್ವನಿಮುದ್ರಿಸಿ, ಮನೆಗೆ ಹೋಗಿ ಕೇಳಿ. ಹಾಡು ಕೇಳಿಸದಷ್ಟು ಗಿಟಾರ್ ಜೋರಾಗಿದೆ ಎಂದು ಯಾರೂ ಯಾರಿಗೂ ಹೇಳಬೇಕಾಗುವುದಿಲ್ಲ, ಮುದ್ರಿಕೆಯೇ ಹೇಳುತ್ತದೆ. ಆ ಮೂರರಲ್ಲಿ ಒಂದಾದರೂ ಕನ್ನಡದ್ದಿರಲಿ. ಮೈಸೂರಿನ ರಘು ದೀಕ್ಷಿತ್ ಭರತನಾಟ್ಯ ಕಲಿತವರು, ಸೂಕ್ಷ್ಮಜೀವಶಾಸ್ತ್ರ ಓದಿದವರು; ಕಾಲೇಜಿನಲ್ಲಿ ಸಹಪಾಠಿಯೊಬ್ಬರ ಸವಾಲಿಗೆ ಗಿಟಾರ್ ಹಿಡಿದರು. 2008ರಲ್ಲಿ ಅವರ ಮೊದಲ ಆಲ್ಬಂ ಹೊರಬಂದದ್ದು ಮುಂಬಯಿಯ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ಜೋಡಿಯ ಕಂಪನಿಯಿಂದ. ಶಿಶುನಾಳ ಶರೀಫರ ತತ್ವಪದಗಳನ್ನು ಅವರು ಗಿಟಾರ್, ಡ್ರಮ್ಮಿನೊಂದಿಗೆ ಹಾಡಿದ ಮೇಲೆ ಕನ್ನಡ ಬಾರದ ಕಾಲೇಜು ಮಕ್ಕಳೂ ಅವನ್ನು ಗುನುಗಿದರು. ಮರಾಠಿ ಗೆಳೆಯ ತಾಳ ಹಾಕುವಾಗ ಶರೀಫರ ಪದ ಹಾಡುವ ಡೊಂಬಿವಲಿಯ ಹುಡುಗಿ, ಮನೆಮಾತನ್ನು ತಂಡದ ಆಸ್ತಿಯಾಗಿ ತರುತ್ತಾಳೆ.

ವೇದಿಕೆಯ ಚಿಂತೆ ಬೇಡ. ಗಡ್ಕರಿ ರಂಗಾಯತನ, ಸಾವಿತ್ರಿಬಾಯಿ ಫುಲೆ ಕಲಾಮಂದಿರ, ಅತ್ರೆ ರಂಗಮಂದಿರ, ವಾಶಿಯ ವಿಷ್ಣುದಾಸ ಭಾವೆ ನಾಟ್ಯಗೃಹ ಆಮೇಲೆ ಬರಲಿ. ಡೊಂಬಿವಲಿಯ ಕರ್ನಾಟಕ ಸಂಘ, ಥಾಣೆಯ ನವೋದಯ ಕನ್ನಡ ಸೇವಾ ಸಂಘ, ವಾಶಿಯ ನವಿಮುಂಬಯಿ ಕನ್ನಡ ಸಂಘದಂಥ ನಮ್ಮ ಸಂಸ್ಥೆಗಳಿವೆ, ಬಿಲ್ಡಿಂಗಿನ ಗಣಪತಿ ಪೆಂಡಾಲ್ ಇದೆ. ಸಂಘಗಳ ಹಿರಿಯರಲ್ಲಿ ನನ್ನದೊಂದು ಕೋರಿಕೆ. ಯುವಜನ ಬರುತ್ತಿಲ್ಲ ಎಂಬ ಮಾತು ಪ್ರತಿ ವಾರ್ಷಿಕ ಸಭೆಯಲ್ಲೂ ಕೇಳುತ್ತೇವೆ. ರಾಜ್ಯೋತ್ಸವದ ಸನ್ಮಾನಗಳ ನಡುವೆ ಹದಿನೈದು ನಿಮಿಷ ಒಂದು ಮಕ್ಕಳ ಬ್ಯಾಂಡಿಗೆ ಕೊಡಿ. ಉಳಿದ ದಿನ ಬೀಗ ಹಾಕಿರುವ ಸಭಾಗೃಹದ ಬೀಗದ ಕೈಯನ್ನು ತಿಂಗಳಿಗೆ ಎರಡು ಭಾನುವಾರ ಅವರ ಕೈಗೆ ಕೊಡಿ. ಅವರ ಮೈಕು ಪರೀಕ್ಷೆಗೆ ಕಾರ್ಯಕ್ರಮಕ್ಕಿಂತ ಒಂದು ಗಂಟೆ ಮುಂಚೆ ಸಮಯ ಬೇಕಾಗುತ್ತದೆ, ಅದನ್ನೂ ಕೊಡಿ.

ಜೂನ್‌ನಲ್ಲಿ ಶಾಲೆ, ಕಾಲೇಜು ತೆರೆದಾಗ ತಂಡ ಕೂಡಿದರೆ ನವೆಂಬರ್ ರಾಜ್ಯೋತ್ಸವಕ್ಕೆ ಮೂರು ಹಾಡು ಸಿದ್ಧವಾಗುತ್ತವೆ. ಡಿಸೆಂಬರ್ ಕಾಲೇಜು ಉತ್ಸವಗಳ ತಿಂಗಳು. ಫೆಬ್ರುವರಿಯಿಂದ ಹನ್ನೆರಡನೆಯ ಮತ್ತು ಹತ್ತನೆಯ ತರಗತಿಯ ಬೋರ್ಡ್ ಪರೀಕ್ಷೆ, ಆಗ ವಾದ್ಯ ಚೀಲದಲ್ಲಿರಲಿ. ಈ ವಿರಾಮವನ್ನು ಮೊದಲೇ ಮಾತಾಡಿಕೊಂಡ ತಂಡದಲ್ಲಿ ಮನಸ್ತಾಪ ಬರುವುದಿಲ್ಲ. ಹನ್ನೆರಡು ಮುಗಿದ ಮೇಲೆ ಒಬ್ಬ ಪುಣೆಗೆ, ಒಬ್ಬಳು ಮಣಿಪಾಲಕ್ಕೆ ಹೋಗುತ್ತಾಳೆ. ಹದಿಹರೆಯದ ತಂಡಗಳಲ್ಲಿ ಹೆಚ್ಚಿನವು ಅಲ್ಲಿಗೆ ನಿಲ್ಲುತ್ತವೆ, ಅದರಲ್ಲಿ ಸೋಲೇನೂ ಇಲ್ಲ. ಡಬ್ಲಿನ್ನಿನ ಆ ಅಡುಗೆಮನೆಗೆ ಬಂದ ಎಲ್ಲರೂ ಯು2 ಆಗಲಿಲ್ಲ. ಗಿಟಾರ್ ಮಾಡಿದ ಅಣ್ಣ ಡಿಕ್ 1978ರಲ್ಲೇ ತಂಡ ಬಿಟ್ಟು ಬೇರೊಂದು ಬ್ಯಾಂಡಿನಲ್ಲಿ ನುಡಿಸಿದರು. ಗಾಯಕ ಶಂಕರ್ ಮಹಾದೇವನ್ ಚಿಕ್ಕಂದಿನಲ್ಲಿ ವೀಣೆ ನುಡಿಸಿದರು, ನವಿಮುಂಬಯಿಯ ರಾಮರಾವ್ ಆದಿಕ್ ಕಾಲೇಜಿನಿಂದ 1988ರಲ್ಲಿ ಎಂಜಿನಿಯರಾಗಿ ಹೊರಬಂದು ಸಾಫ್ಟ್‌ವೇರ್ ಕೆಲಸಕ್ಕೂ ಸೇರಿದರು. ಹಾಡು ಜೊತೆಯಲ್ಲೇ ಇತ್ತು. ಬೇರೆ ಊರಿಗೆ ಹೋಗುವ ಮಗುವಿನ ಸಾಮಾನಿನ ಜೊತೆ ಗಿಟಾರ್ ಚೀಲವನ್ನೂ ಕಟ್ಟಿ ಕೊಡಿ. ಹಾಸ್ಟೆಲಿನ ನೋಟಿಸ್ ಬೋರ್ಡಿನಲ್ಲಿ ಅಂಟಿಸುವ ಚೀಟಿಯ ಒಕ್ಕಣೆ ಆ ಹೊತ್ತಿಗೆ ಅವರಿಗೆ ತಾನಾಗಿ ಬರುತ್ತದೆ.